ಸೂಕ್ಷ್ಮತರಂಗ ವಿದುಷಿ ಡಾಕ್ಟರ್ ರಾಜೇಶ್ವರಿ ಚಟರ್ಜಿ

ಕನ್ನಡನಾಡಿನ ಹೆಸರನ್ನು ಬೆಳಗಿದ ಮಹನೀಯರನ್ನು ನೆನೆಯುವಾಗ ನಮ್ಮ ನಾಲಗೆಗೆ ಮೊದಲು ಬರುವುದು ಕವಿಗಳ, ಶರಣರ, ದಾಸರ, ಅರಸರ ಹೆಸರುಗಳು. ಗೋಪಾಲದಾಸರು ನೆಲೆಸಿದ ಉತ್ತನೂರಿನ ಸೀಮೆಯವರಾದ ನಮಗಂತೂ ಇದು ಇನ್ನಷ್ಟು ಸಹಜ. ಆದರೆ ನುಡಿಯ ಮನೆ ದೊಡ್ಡದು. ಅದರ ಪಂಕ್ತಿಯಲ್ಲಿ ಗಣಿತಜ್ಞರಿಗೂ ಯಂತ್ರಶಾಸ್ತ್ರ ಬಲ್ಲವರಿಗೂ ಎಲೆ ಹಾಕಿದೆ. ಅಂಥವರ ಚರಿತ್ರೆಯನ್ನು ನಮ್ಮ ಮಕ್ಕಳು ಕನ್ನಡದಲ್ಲಿ ಓದುವ ಅವಕಾಶ ಮಾತ್ರ ಅಪರೂಪ. ಆ ಕೊರತೆಯನ್ನು ಎಳ್ಳಷ್ಟಾದರೂ ತುಂಬಬೇಕೆಂಬ ಉದ್ದೇಶದಿಂದ, ಸಂಘದ ವಾರ್ಷಿಕೋತ್ಸವದ ಈ ಸಂಚಿಕೆಯಲ್ಲಿ ಡಾಕ್ಟರ್ ರಾಜೇಶ್ವರಿ ಚಟರ್ಜಿಯವರ ಜೀವನವನ್ನು ಸಂಗ್ರಹವಾಗಿ ನಿರೂಪಿಸಲಾಗಿದೆ.

ಇವರು ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಪ್ರಸಿದ್ಧರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಂಜಿನಿಯರಿಂಗ್ ವಿಭಾಗಗಳಲ್ಲಿ ಅಧ್ಯಾಪಕ ಪದವಿಗೇರಿದ ಮೊದಲ ಮಹಿಳೆಯೂ ಇವರೇ. ಇವರು ಬಾಳೆಲ್ಲ ಅಭ್ಯಸಿಸಿದ ವಿಷಯ ಸೂಕ್ಷ್ಮತರಂಗ, ಎಂದರೆ ರೇಡಿಯೋ ಅಲೆಗಳ ಪೈಕಿ ಅತಿ ಕಿರಿದಾದ ಅಲೆಗಳ ಶಾಸ್ತ್ರ. ಈ ಶಾಸ್ತ್ರದ ನಡುವೆ ನಿಂತಿರುವ ಪ್ರಶ್ನೆ ಒಂದು: ಒಬ್ಬರು ಕಳುಹಿಸಿದ ಶಕ್ತಿಯನ್ನು ಇನ್ನೊಬ್ಬರು ಪೂರ್ತಿಯಾಗಿ ಸ್ವೀಕರಿಸದೆ ಹೋದರೆ ಉಳಿದ ಶಕ್ತಿ ಏನಾಗುತ್ತದೆ? ಅದು ಕಳುಹಿಸಿದವನ ಮೇಲೆಯೇ ತಿರುಗಿ ಬೀಳುತ್ತದೆ ಎಂಬುದು ಉತ್ತರ. ಈ ಉತ್ತರ ಯಂತ್ರಗಳಿಗೆ ಮಾತ್ರವೇ ಸಲ್ಲುವುದೋ, ಮಕ್ಕಳನ್ನು ಓದಿಸುವ ನಮಗೂ ಸಲ್ಲುವುದೋ ಎಂಬುದನ್ನು ವಾಚಕರು ಲೇಖನದ ಕೊನೆಯಲ್ಲಿ ತಾವೇ ನಿರ್ಧರಿಸಬಹುದು.

ರಾಜೇಶ್ವರಿಯವರು 1922ನೆಯ ಇಸವಿ ಜನವರಿ 24ರಂದು ಜನಿಸಿದರು. ತಂದೆ ಬಿ. ಎಂ. ಶಿವರಾಮಯ್ಯನವರು ನಂಜನಗೂಡಿನಲ್ಲಿ ವಕೀಲರು. ಅಜ್ಜಿ ಕಮಲಮ್ಮ ದಾಸಪ್ಪನವರು ಹಳೆಯ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವುದೇ ದೊಡ್ಡ ಸಾಹಸವಾಗಿದ್ದ ಕಾಲದಲ್ಲಿ ಆಕೆ ಸ್ತ್ರೀಶಿಕ್ಷಣಕ್ಕಾಗಿಯೂ, ವಿಧವೆಯರ ಹಾಗೂ ಗಂಡ ಬಿಟ್ಟ ಹೆಂಗಸರ ಹಿತಕ್ಕಾಗಿಯೂ ದುಡಿದ ಪುಣ್ಯಜೀವಿ. ಆಕೆಯೂ ಆಕೆಯ ಗೆಳತಿಯರೂ ಸೇರಿ ಮಹಿಳಾ ಸೇವಾ ಸಮಾಜದ ಆಶ್ರಯದಲ್ಲಿ ನಡೆಸಿದ ಶಾಲೆಯಲ್ಲಿಯೇ ಮೊಮ್ಮಗಳ ವಿದ್ಯಾಭ್ಯಾಸ ನಡೆಯಿತು. ಮೊಮ್ಮಗಳು ಮುಂದೆ ನಡೆದ ಹಾದಿಯ ಮೊದಲ ಗಾವುದವನ್ನು ಅಜ್ಜಿ ಹೀಗೆ ತನ್ನ ಕೈಯಿಂದಲೇ ಸಮ ಮಾಡಿಕೊಟ್ಟಿದ್ದರು.

ಬಾಲಕಿಗೆ ಚರಿತ್ರೆಯ ಮೇಲೆಯೂ ಒಲವಿತ್ತು. ಆದರೆ ಕೊನೆಗೆ ಅವಳ ಮನಸ್ಸನ್ನು ಗೆದ್ದದ್ದು ಗಣಿತ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಆರಿಸಿಕೊಂಡು ಬಿ.ಎಸ್‌ಸಿ. ಆನರ್ಸ್ ಮತ್ತು ಎಂ.ಎಸ್‌ಸಿ. ಪರೀಕ್ಷೆಗಳೆರಡರಲ್ಲಿಯೂ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಪ್ರಥಮಸ್ಥಾನ ಗಳಿಸಿದರು. ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನ ಬಹುಮಾನವೂ ಎಂ. ಟಿ. ನಾರಾಯಣ ಅಯ್ಯಂಗಾರರ ಹೆಸರಿನ ಬಹುಮಾನವೂ ಅವರಿಗೆ ಸಂದವು. ಇಷ್ಟು ಓದಿದ ಹೆಣ್ಣುಮಗಳಿಗೆ ಅಂದು ಹೆಚ್ಚೆಂದರೆ ಹೈಸ್ಕೂಲಿನಲ್ಲಿ ಉಪಾಧ್ಯಾಯಿನಿಯಾಗುವ ದಾರಿ ತೆರೆದಿತ್ತು. ಕುಮಾರಿ ರಾಜೇಶ್ವರಿಯವರು ಆ ದಾರಿಯನ್ನು ಹಿಡಿಯದೆ, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ತಂತ್ರಶಾಸ್ತ್ರ ವಿಭಾಗದಲ್ಲಿ ಸಂಪರ್ಕಶಾಖೆಯ ಸಂಶೋಧನ ವಿದ್ಯಾರ್ಥಿನಿಯಾಗಿ ಸೇರಿದರು.

ಅದು ಎರಡನೆಯ ಮಹಾಯುದ್ಧದ ನಡುಗಾಲ. ರೇಡಿಯೋ ಎಂಬುದು ಅಷ್ಟರಲ್ಲಿ ಕೇವಲ ಹಾಡು, ವಾರ್ತೆ ಕೇಳಿಸುವ ಪೆಟ್ಟಿಗೆಯಾಗಿ ಉಳಿದಿರಲಿಲ್ಲ. ಆಕಾಶದಲ್ಲಿ ಬರುತ್ತಿರುವ ಶತ್ರುವಿಮಾನವನ್ನು ಕತ್ತಲಲ್ಲಿಯೂ ಮೋಡದಲ್ಲಿಯೂ ಗುರುತಿಸುವ ರೇಡಾರ್ ಬಳಕೆಗೆ ಬಂದಿತ್ತು. ಆ ಯಂತ್ರಕ್ಕೆ ಬೇಕಾದವು ಕೆಲವು ಸೆಂಟಿಮೀಟರ್ ಉದ್ದದ ಸೂಕ್ಷ್ಮ ಅಲೆಗಳು. ಒಂದು ಮೀಟರಿನಿಂದ ಒಂದು ಮಿಲಿಮೀಟರಿನವರೆಗಿನ ಉದ್ದವುಳ್ಳ ಅಲೆಗಳನ್ನೆಲ್ಲ ಸ್ಥೂಲವಾಗಿ ಸೂಕ್ಷ್ಮತರಂಗಗಳೆನ್ನುತ್ತಾರೆ. ವಿಚಿತ್ರವೆಂದರೆ, ಇಂಥ ಅಲೆಗಳನ್ನು ಬಹು ಮುಂಚೆಯೇ ಕೈಯಲ್ಲಿ ಹಿಡಿದು ಪರೀಕ್ಷಿಸಿದವರು ಭಾರತೀಯರೇ ಆದ ಆಚಾರ್ಯ ಜಗದೀಶಚಂದ್ರ ಬೋಸರು. 1895ರ ಸುಮಾರಿಗೆ ಕಲ್ಕತ್ತೆಯಲ್ಲಿ ಅವರು ಮಿಲಿಮೀಟರ್ ಅಳತೆಯ ಅಲೆಗಳನ್ನು ಹುಟ್ಟಿಸಿ, ನಳಿಗೆಗಳಲ್ಲಿ ಹರಿಸಿ, ಕಹಳೆಯಾಕಾರದ ಬಾಯಿಂದ ಹೊರಹೊಮ್ಮಿಸಿ ತೋರಿಸಿದ್ದರು. ಅವರು ಬಿತ್ತಿದ ಬೀಜ ನಮ್ಮ ನೆಲದಲ್ಲಿ ಬಹುಕಾಲ ಮೊಳೆಯದೆ ಉಳಿಯಿತು. ಅದಕ್ಕೆ ಮರಳಿ ನೀರೆರೆದವರ ಸಾಲಿನಲ್ಲಿ ರಾಜೇಶ್ವರಿಯವರದು ಮುಖ್ಯವಾದ ಹೆಸರು.

ಯುದ್ಧ ಮುಗಿದ ಮೇಲೆ ದೆಹಲಿಯ ಸರಕಾರವು ಪ್ರತಿಭಾವಂತ ತರುಣರನ್ನು ಹೊರದೇಶಗಳಿಗೆ ಕಳುಹಿಸಿ ಓದಿಸುವ ಯೋಜನೆಯನ್ನು ಹಾಕಿತು. 1946ರಲ್ಲಿ ರಾಜೇಶ್ವರಿಯವರು ಇಲೆಕ್ಟ್ರಾನಿಕ್ಸ್ ವಿಷಯಕ್ಕಾಗಿ ಆ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾದರು. ಅವಿವಾಹಿತೆಯಾದ ಇಪ್ಪತ್ತೈದು ವರ್ಷದ ಹೆಣ್ಣುಮಗಳೊಬ್ಬಳು ಸಮುದ್ರ ದಾಟಿ ವರ್ಷಗಟ್ಟಲೆ ಅಮೆರಿಕೆಯಲ್ಲಿ ಇರುವುದೆಂದರೆ ಅಂದಿನ ಮನೆಗಳಲ್ಲಿ ಎಷ್ಟು ಮಾತು, ಎಷ್ಟು ಕಳವಳ ಎದ್ದಿರಬಹುದೆಂಬುದನ್ನು ನಮ್ಮ ಹಿರಿಯರು ಊಹಿಸಬಲ್ಲರು. ಆದರೂ 1947ರ ಜುಲೈ ತಿಂಗಳಲ್ಲಿ ಅವರು ಹಡಗು ಹತ್ತಿದರು. ಯುದ್ಧಕಾಲದಲ್ಲಿ ಸೈನಿಕರನ್ನು ಸಾಗಿಸುತ್ತಿದ್ದ ಎಸ್. ಎಸ್. ಮರೀನ್ ಆಡರ್ ಎಂಬ ಆ ಹಡಗಿನಲ್ಲಿ ಪ್ರಯಾಣ ಮೂವತ್ತು ದಿನ ಹಿಡಿಯಿತು. ಆಗಸ್ಟ್ 15ರಂದು ದೇಶ ಸ್ವತಂತ್ರವಾದಾಗ, ಆ ದೇಶದ ಸೇವೆಗಾಗಿಯೇ ಓದಲು ಹೊರಟ ಈ ತರುಣಿ ತಾಯ್ನಾಡಿನಿಂದ ಬಹುದೂರದಲ್ಲಿದ್ದರು.

ಅವರು ಸೇರಿದ್ದು ಆನ್ ಆರ್ಬರ್ ಪಟ್ಟಣದಲ್ಲಿರುವ ಮಿಚಿಗನ್ ವಿಶ್ವವಿದ್ಯಾನಿಲಯವನ್ನು. ಅಲ್ಲಿ ವಿದ್ಯುತ್ ಇಂಜಿನಿಯರಿಂಗ್ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಆ ಬಳಿಕ ಸರಕಾರದೊಡನೆ ಆಗಿದ್ದ ಕರಾರಿನಂತೆ ವಾಷಿಂಗ್ಟನ್ ನಗರದ ರಾಷ್ಟ್ರೀಯ ಮಾನಕಗಳ ಸಂಸ್ಥೆಯಲ್ಲಿ, ರೇಡಿಯೋ ಆವರ್ತನಗಳ ಅಳತೆಯ ವಿಭಾಗದಲ್ಲಿ ಎಂಟು ತಿಂಗಳು ಪ್ರಾಯೋಗಿಕ ತರಬೇತಿ ಹೊಂದಿದರು. ತೂಕ, ಅಳತೆ, ಕಾಲ ಇವೆಲ್ಲಕ್ಕೂ ಆ ದೇಶದಲ್ಲಿ ಮೂಲಪ್ರಮಾಣವನ್ನು ಕಾಯುವ ಸಂಸ್ಥೆ ಅದು. ಗಣಿತದಲ್ಲಿ ಮುಳುಗಿದ್ದ ವಿದ್ಯಾರ್ಥಿನಿ ಇಲ್ಲಿ ಅಳತೆಯ ಶಿಸ್ತನ್ನು ಕಲಿತರು. ಸೂಕ್ಷ್ಮತರಂಗಗಳ ವಿಷಯದಲ್ಲಿ ಈ ಶಿಸ್ತು ಏಕೆ ಪ್ರಾಣಪ್ರಾಯವಾದದ್ದೆಂಬುದನ್ನು ಸ್ವಲ್ಪ ವಿವರಿಸದೆ ಅವರ ಕಾರ್ಯದ ಬೆಲೆ ತಿಳಿಯದು.

ನಮ್ಮ ಧರೂರಿನ ಬಳಿಯ ಜುರಾಲ ಅಣೆಕಟ್ಟಿನ ಕಾಲುವೆಯಲ್ಲಿ ನೀರು ಸರಾಗವಾಗಿ ಹರಿಯುತ್ತಿದೆ ಎನ್ನೋಣ. ಕೆಳಗೆ ಯಾರೋ ತೂಬಿನ ಬಾಗಿಲನ್ನು ಒಮ್ಮೆಲೆ ಇಳಿಸಿದರೆ, ಅಲ್ಲಿ ಉಬ್ಬಿದ ಅಲೆಯೊಂದು ಬಂದ ದಾರಿಯಲ್ಲಿಯೇ ಮೇಲಕ್ಕೆ ತಿರುಗಿ ಹೋಗುತ್ತದೆ. ಬಾಗಿಲನ್ನು ಅರ್ಧ ಇಳಿಸಿದರೆ ಸ್ವಲ್ಪ ನೀರು ಮುಂದೆ ಸಾಗಿ, ಚಿಕ್ಕ ಅಲೆಯೊಂದು ಹಿಂದಿರುಗುತ್ತದೆ. ತಂತಿಯಲ್ಲಿಯೋ ಲೋಹದ ನಳಿಗೆಯಲ್ಲಿಯೋ ಸಾಗುವ ಸೂಕ್ಷ್ಮತರಂಗಕ್ಕೂ ಇದೇ ನ್ಯಾಯ. ಪ್ರತಿಯೊಂದು ಹಾದಿಗೂ ಅದರದೇ ಆದ ಒಂದು ವಿದ್ಯುತ್ ಪ್ರಮಾಣವುಂಟು. ಅದನ್ನು ಇಂಪೀಡೆನ್ಸ್ ಎನ್ನುತ್ತಾರೆ. ನಾವು ತಡೆ ಎಂದು ಕರೆಯೋಣ. ಹಾದಿಯ ತುದಿಯಲ್ಲಿ ಶಕ್ತಿಯನ್ನು ಹೊರಬೇಕಾದ ಸಾಧನಕ್ಕೆ ಹೊರೆ ಎಂದು ಹೆಸರು. ಹಾದಿಯ ತಡೆಯೂ ಹೊರೆಯ ತಡೆಯೂ ಸಮವಾಗಿದ್ದರೆ ಶಕ್ತಿಯೆಲ್ಲ ಹೊರೆಯೊಳಕ್ಕೆ ಇಳಿಯುತ್ತದೆ. ಸಮವಾಗಿಲ್ಲದಿದ್ದರೆ ಒಂದು ಪಾಲು ಹಿಂದಕ್ಕೆ ಚಿಮ್ಮುತ್ತದೆ.

ಲೆಕ್ಕ ಕಷ್ಟದ್ದಲ್ಲ. ಹಾದಿಯ ತಡೆ 50 ಓಂ, ಹೊರೆಯ ತಡೆ 200 ಓಂ ಆಗಿರಲಿ. ಎರಡರ ವ್ಯತ್ಯಾಸವಾದ 150ನ್ನು ಎರಡರ ಮೊತ್ತವಾದ 250ರಿಂದ ಭಾಗಿಸಿದರೆ ಹತ್ತರಲ್ಲಿ ಆರು ಪಾಲು ಬರುತ್ತದೆ. ಹಿಂದಿರುಗುವ ಅಲೆಯ ಎತ್ತರ ಅಷ್ಟು. ಶಕ್ತಿ ಎಂಬುದು ಎತ್ತರದ ವರ್ಗಕ್ಕೆ ಅನುಗುಣವಾದುದರಿಂದ, ಕಳುಹಿಸಿದ 100 ವ್ಯಾಟಿನಲ್ಲಿ 36 ವ್ಯಾಟು ಹಿಂದಿರುಗಿ, 64 ವ್ಯಾಟು ಮಾತ್ರ ಹೊರೆಗೆ ಸೇರುತ್ತದೆ. ಹೋಗುವ ಅಲೆಯೂ ಬರುವ ಅಲೆಯೂ ಹಾದಿಯಲ್ಲಿ ಒಂದನ್ನೊಂದು ಹಾಯುವಾಗ, ಕೆಲವು ತಾಣಗಳಲ್ಲಿ ಎರಡೂ ಕೂಡಿ ಉಬ್ಬಾಗಿ, ಕೆಲವೆಡೆ ಒಂದನ್ನೊಂದು ಕಳೆದು ತಗ್ಗಾಗಿ ನಿಲ್ಲುತ್ತವೆ. ಈ ಉಬ್ಬುತಗ್ಗುಗಳು ಸ್ಥಳ ಬಿಟ್ಟು ಕದಲುವುದಿಲ್ಲ. ಆದುದರಿಂದ ಇವಕ್ಕೆ ನಿಂತ ಅಲೆಗಳೆಂದು ಹೆಸರು. ಮೇಲಿನ ಉದಾಹರಣೆಯಲ್ಲಿ ಉಬ್ಬು ತಗ್ಗಿನ ನಾಲ್ಕರಷ್ಟು ಇರುತ್ತದೆ.

ಇವನ್ನು ಅಳೆಯಲು ಆ ಕಾಲದ ಪ್ರಯೋಗಾಲಯಗಳಲ್ಲಿ ಬಳಸುತ್ತಿದ್ದ ಸಾಧನ ಬಹು ಸರಳ. ಲೋಹದ ನಳಿಗೆಯ ಬೆನ್ನಿನ ಮೇಲೆ ಉದ್ದಕ್ಕೂ ಸೀಳೊಂದನ್ನು ತೆಗೆದು, ಅದರೊಳಗೆ ಸೂಜಿಯಂಥ ಒಂದು ಕಡ್ಡಿಯನ್ನು ಇಳಿಬಿಟ್ಟು, ಅದನ್ನು ಮೆಲ್ಲಗೆ ಸರಿಸುತ್ತಾ ಹೋಗುವುದು. ಮಾಪಕದ ಮುಳ್ಳು ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂದು ಬರೆದುಕೊಳ್ಳುವುದು. ಎರಡು ತಗ್ಗುಗಳ ನಡುವಿನ ದೂರ ಅಲೆಯುದ್ದದ ಅರ್ಧ. ಅಲೆಯುದ್ದ ಹತ್ತು ಸೆಂಟಿಮೀಟರಾದರೆ ಆ ದೂರ ಐದೇ ಸೆಂಟಿಮೀಟರು. ಕೂದಲೆಳೆಯಷ್ಟು ಕೈ ತಪ್ಪಿದರೂ ಲೆಕ್ಕ ತಪ್ಪುತ್ತದೆ. ತಾಳ್ಮೆ, ಕೈಯ ಸ್ಥೈರ್ಯ, ಗಣಿತದ ಬಲ ಈ ಮೂರೂ ಕೂಡಿದವರಿಗೆ ಮಾತ್ರ ಸಾಧ್ಯವಾಗುವ ಕೆಲಸವಿದು.

ತರಬೇತಿಯ ತರುವಾಯ ರಾಜೇಶ್ವರಿಯವರು ಮಿಚಿಗನ್ನಿಗೆ ಮರಳಿ ಡಾಕ್ಟರೇಟಿಗೆ ಸಿದ್ಧರಾದರು. ಈ ಬಾರಿ ಅವರಿಗೆ ಬೆಂಬಲವಾದದ್ದು ಏಷ್ಯಾಖಂಡದ ಮಹಿಳೆಯರಿಗಾಗಿಯೇ ಮೀಸಲಾಗಿದ್ದ ಬಾರ್ಬರ್ ವಿದ್ಯಾರ್ಥಿವೇತನ. ನಮ್ಮ ನೆರೆಯ ಕೇರಳದ ತಲಚೇರಿಯಿಂದ ಹೋಗಿ ಸಸ್ಯಶಾಸ್ತ್ರದಲ್ಲಿ ಜಗದ್ವಿಖ್ಯಾತರಾದ ಇ. ಕೆ. ಜಾನಕಿ ಅಮ್ಮಾಳ್ ಅವರೂ ಇವರಿಗಿಂತ ಎರಡು ದಶಕ ಮೊದಲು ಇದೇ ವೇತನದ ನೆರವಿನಿಂದ ಇದೇ ವಿಶ್ವವಿದ್ಯಾನಿಲಯದಲ್ಲಿ ಓದಿದವರು. ರಾಜೇಶ್ವರಿಯವರ ಗುರುಗಳು ವಿಲಿಯಂ ಗೂಲ್ಡ್ ಡೌ. ನಿರ್ವಾತ ಕೊಳವೆಗಳ ಶಾಸ್ತ್ರದಲ್ಲಿ ಅವರದು ದೊಡ್ಡ ಹೆಸರು. ಯುದ್ಧಕಾಲದಲ್ಲಿ ಶತ್ರುಗಳ ರೇಡಾರುಗಳನ್ನು ಕಂಗೆಡಿಸುವ ಸಾಧನಗಳ ಮೇಲೆ ದುಡಿದವರು. 1953ರ ಆರಂಭದಲ್ಲಿ ರಾಜೇಶ್ವರಿಯವರು ಡಾಕ್ಟರೇಟ್ ಪಡೆದರು. ಅಲ್ಲಿಯೇ ನಿಲ್ಲುವ ಅವಕಾಶಕ್ಕಾಗಿ ಕಾಯದೆ ಅದೇ ವರ್ಷ ಬೆಂಗಳೂರಿಗೆ ಹಿಂದಿರುಗಿ, ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ಸಂಪರ್ಕ ಇಂಜಿನಿಯರಿಂಗ್ ವಿಭಾಗದ ಅಧ್ಯಾಪಕವರ್ಗಕ್ಕೆ ಸೇರಿದರು.

ಅದೇ ವರ್ಷ, ಅದೇ ವಿಭಾಗದ ಅಧ್ಯಾಪಕರಾದ ಶಿಶಿರಕುಮಾರ ಚಟರ್ಜಿಯವರೊಡನೆ ಅವರ ವಿವಾಹ ನೆರವೇರಿತು. ಕನ್ನಡದ ಮಗಳೂ ವಂಗದೇಶದ ಮಗನೂ ಕೂಡಿ ಕಟ್ಟಿದ ಸಂಸಾರದಲ್ಲಿ ಮನೆಯಂತೆಯೇ ಪ್ರಯೋಗಾಲಯವೂ ಇಬ್ಬರದಾಗಿತ್ತು. ಸೂಕ್ಷ್ಮತರಂಗಗಳ ಸಂಶೋಧನೆ ನಮ್ಮ ದೇಶದಲ್ಲಿ ಆಗಿನ್ನೂ ಅಂಬೆಗಾಲಿಡುತ್ತಿತ್ತು. ದಂಪತಿಗಳು ಅದಕ್ಕಾಗಿ ಒಂದು ಪ್ರಯೋಗಾಲಯವನ್ನು ಕಟ್ಟಿ, ವಿದ್ಯಾರ್ಥಿಗಳನ್ನು ಸೇರಿಸಿಕೊಂಡು, ಐವತ್ತರ ದಶಕದಲ್ಲಿಯೇ ಸಂಸ್ಥೆಯ ಪತ್ರಿಕೆಯಲ್ಲಿ ಸಾಲುಸಾಲಾಗಿ ಸಂಶೋಧನ ಲೇಖನಗಳನ್ನು ಪ್ರಕಟಿಸಿದರು. ವಿದ್ಯುತ್ ನಿರೋಧಕ ಪದಾರ್ಥದ ಕಡ್ಡಿಗಳನ್ನೇ ಆಂಟೆನಾಗಳಾಗಿ ಬಳಸುವ ಬಗೆ, ನಿರೋಧಕ ಪದರಗಳನ್ನು ಹೊದ್ದ ಒಂಟಿ ತಂತಿಯ ಮೈಹಿಡಿದು ಅಲೆ ಸಾಗುವ ಬಗೆ, ಇಂಥವು ಆ ಲೇಖನಗಳ ವಿಷಯಗಳು.

ಆಂಟೆನಾ ಎಂದರೇನು? ತಂತಿಯಲ್ಲಿ ಅಥವಾ ನಳಿಗೆಯಲ್ಲಿ ಬಂದ ಅಲೆಯನ್ನು ಬಯಲಿಗೆ ಬಿಡುವ ಬಾಗಿಲು. ಅಲೆಗೆ ಬಲ ತುಂಬುವ ಶಕ್ತಿವರ್ಧಕವೆಂಬ ಯಂತ್ರಕ್ಕೆ ಹೊರೆಯೂ ಇದೇ. ವರ್ಧಕವನ್ನು ಎಷ್ಟೇ ಬಲವಾಗಿ ಕಟ್ಟಿದರೂ ಬಾಗಿಲು ಹೊಂದದಿದ್ದರೆ ಶಕ್ತಿ ಒಳಗೇ ತಿರುಗುತ್ತದೆ. ನಿರೋಧಕದ ಕಡ್ಡಿಯನ್ನು ಒಮ್ಮೆಲೆ ಕತ್ತರಿಸಿ ನಿಲ್ಲಿಸದೆ, ತುದಿಯತ್ತ ಸಣ್ಣಗೆ ಕೆತ್ತುತ್ತ ಹೋಗುವ ವಾಡಿಕೆಯ ಮರ್ಮ ಇಲ್ಲಿದೆ. ಅಲೆಗೆ ಎಲ್ಲಿಯೂ ಹಠಾತ್ತಾಗಿ ಗೋಡೆ ಎದುರಾಗಬಾರದು. ಒಳಗಿನಿಂದ ಹೊರಗೆ ಬಂದದ್ದು ಅದಕ್ಕೆ ಅರಿವೇ ಆಗಬಾರದು. ರಾಜೇಶ್ವರಿಯವರ ಜೀವಮಾನದ ಕೆಲಸ ಬಹುಪಾಲು ಈ ಬಾಗಿಲಿನ ಕಡೆಯದು. ವಿಮಾನಗಳಲ್ಲಿ, ರೇಡಾರುಗಳಲ್ಲಿ ಇಂಥ ಬಾಗಿಲುಗಳ ಮಹತ್ವ ಹೇಳತೀರದು.

ಬಾಗಿಲು ಹೊಂದದಿದ್ದಾಗ ವರ್ಧಕಕ್ಕೆ ಒದಗುವ ಗಂಡಾಂತರಗಳು ಎರಡು. ಮೊದಲನೆಯದು ಎಲ್ಲರಿಗೂ ತಿಳಿಯುವಂಥದು: ಹಿಂದಿರುಗಿದ ಶಕ್ತಿ ಶಾಖವಾಗಿ, ಅತಿಯಾದ ವೋಲ್ಟೇಜಾಗಿ ವರ್ಧಕವನ್ನು ಸುಡಬಹುದು. ಎರಡನೆಯದು ಹೆಚ್ಚು ಗೂಢವಾದದ್ದು. ನಮ್ಮ ರಾಜ್ಯೋತ್ಸವದ ಸಭೆಗಳಲ್ಲಿ ಧ್ವನಿವರ್ಧಕ ಒಮ್ಮೊಮ್ಮೆ ಕೀರಲು ದನಿಯಲ್ಲಿ ಅರಚಿಕೊಳ್ಳುವುದನ್ನು ಎಲ್ಲರೂ ಕೇಳಿದ್ದಾರೆ. ಆಗ ಭಾಷಣಕಾರರು ಬಾಯಿ ತೆರೆದೇ ಇರುವುದಿಲ್ಲ. ಹಾರನ್ನಿನಿಂದ ಹೊರಟ ಸದ್ದು ಎದುರು ಗೋಡೆಗೆ ಬಡಿದು ಮೈಕಿಗೆ ಬಂದು, ಅಲ್ಲಿಂದ ಮತ್ತೆ ಹೆಚ್ಚಾಗಿ ಹೊರಟು, ಮತ್ತೆ ಬಂದು, ಹೀಗೆ ಸುತ್ತಿ ಸುತ್ತಿ ಬೆಳೆಯುತ್ತದೆ. ಸೂಕ್ಷ್ಮತರಂಗದ ವರ್ಧಕದಲ್ಲಿಯೂ ಇದೇ ನಡೆಯುತ್ತದೆ. ಹೊರತುದಿಯಿಂದ ಒಳತುದಿಗೆ ಸಾಧನದ ಒಳಗೇ ಒಂದು ಸಣ್ಣ ಸೋರುದಾರಿ ಇರುತ್ತದೆ. ಹೊಂದದ ಹೊರೆಯಿಂದ ಹಿಂದಿರುಗಿದ ಅಲೆ ಆ ದಾರಿಯಲ್ಲಿ ನುಸುಳಿ ಒಳತುದಿಯನ್ನು ಮುಟ್ಟಿ, ಅಲ್ಲಿನ ಅಲೆಯೊಡನೆ ಹೆಜ್ಜೆಗೆ ಹೆಜ್ಜೆ ಕೂಡಿದರೆ, ವರ್ಧಕ ತನಗೆ ಕೊಟ್ಟ ಸಂಕೇತವನ್ನು ಮರೆತು ತಾನೇ ಅರಚತೊಡಗುತ್ತದೆ. ಆಗ ಅದು ವರ್ಧಕವಾಗಿ ಉಳಿಯದೆ ಸ್ವಯಂ ಆಂದೋಲಕವಾಗುತ್ತದೆ.

ಇದರಲ್ಲಿ ಇಂಜಿನಿಯರನ್ನು ಅತಿ ಹೆಚ್ಚು ಕಾಡುವುದು ಹೆಜ್ಜೆ ಕೂಡುವ ಮಾತು. ಮೈಕನ್ನು ಎರಡು ಮೊಳ ಸರಿಸಿದರೆ ಅರಚಾಟ ನಿಲ್ಲುವಂತೆ, ಇಲ್ಲಿಯೂ ತಂತಿಯನ್ನು ಒಂದೆರಡು ಸೆಂಟಿಮೀಟರು ಉದ್ದ ಮಾಡಿದರೆ ರೋಗ ಮಾಯವಾಗಿ, ಮತ್ತಷ್ಟು ಉದ್ದ ಮಾಡಿದರೆ ಮರಳಿ ಕಾಣಿಸಿಕೊಳ್ಳಬಹುದು. ಆದಕಾರಣ ಒಂದು ಹೊರೆಯೊಡನೆ ಸುಮ್ಮನಿದ್ದ ವರ್ಧಕ ಎಲ್ಲ ಹೊರೆಗಳೊಡನೆಯೂ ಸುಮ್ಮನಿರುವುದೆಂದು ನಂಬುವಂತಿಲ್ಲ. ಕೆಲವು ಹೊರೆಗಳೊಡನೆ ಮಾತ್ರ ಸ್ಥಿರವಾಗಿರುವುದು ಷರತ್ತಿನ ಸ್ಥಿರತೆ. ತಾನಾಗಿ ಶಕ್ತಿ ಹುಟ್ಟಿಸದ ಯಾವ ಹೊರೆ ಬಂದರೂ ಸ್ಥಿರವಾಗಿರುವುದು ಷರತ್ತಿಲ್ಲದ ಸ್ಥಿರತೆ. 1962ರಲ್ಲಿ ರಾಲೆಟ್ ಎಂಬ ಇಂಜಿನಿಯರು ಇದನ್ನು ಲೆಕ್ಕ ಹಾಕಲು ಒಂದು ಸಂಖ್ಯೆಯನ್ನು ಕೊಟ್ಟರು. ಒಂದು ಉಪನಿಯಮದೊಡನೆ ಆ ಸಂಖ್ಯೆ ಒಂದಕ್ಕಿಂತ ಹೆಚ್ಚಿದ್ದರೆ ಷರತ್ತಿಲ್ಲದ ಸ್ಥಿರತೆ ಇದೆಯೆಂದು ಅರ್ಥ. ಆದರೆ ಭಾರೀ ಶಕ್ತಿಯಲ್ಲಿ ದುಡಿಯುವಾಗ ಸಾಧನದ ಗುಣವೇ ಬದಲಾಗುವುದರಿಂದ, ಆ ಸಂಖ್ಯೆಯೊಂದನ್ನೇ ನೆಚ್ಚದೆ, ಹೊಂದದ ಹೊರೆಯನ್ನು ಬೇಕೆಂದೇ ಜೋಡಿಸಿ, ಅದರ ಹೆಜ್ಜೆಯನ್ನು ಸುತ್ತೆಲ್ಲ ತಿರುಗಿಸಿ ಪರೀಕ್ಷಿಸುತ್ತಾರೆ.

ಪರಿಹಾರಗಳೂ ಉಂಟು. ವರ್ಧಕದ ಬಲವನ್ನು ಸ್ವಲ್ಪ ತ್ಯಾಗಮಾಡಿ ಶಕ್ತಿ ಹೀರುವ ರೆಸಿಸ್ಟರನ್ನು ಒಳಗಿಡಬಹುದು. ಫೆರೈಟ್ ಎಂಬ ಕಾಂತಪದಾರ್ಥದಿಂದ ಮಾಡಿದ ಒಮ್ಮುಖ ಸಾಧನವನ್ನು ನಡುವೆ ಇರಿಸಿದರೆ, ಹೋಗುವ ಅಲೆಗೆ ದಾರಿ ಕೊಟ್ಟು, ಬರುವ ಅಲೆಯನ್ನು ಪಕ್ಕಕ್ಕೆ ತಿರುಗಿಸಿ ಶಾಖವಾಗಿ ಕರಗಿಸುತ್ತದೆ. ಇಂದು ನಮ್ಮ ಮಕ್ಕಳ ಕೈಯಲ್ಲಿರುವ ಮೊಬೈಲ್ ಫೋನಿನಲ್ಲಿಯೂ ಇಂಥದೊಂದು ಪುಟ್ಟ ಶಕ್ತಿವರ್ಧಕವುಂಟು. ಅಂಗೈ ಆಂಟೆನಾವನ್ನು ಮುಚ್ಚಿದಾಗಲೆಲ್ಲ ಅದರ ಹೊರೆ ಬದಲಾಗುತ್ತದೆ. ಆದರೂ ಅದು ಅರಚದೆ, ಸುಡದೆ ಮಾತನ್ನು ಮುಟ್ಟಿಸುತ್ತಿದ್ದರೆ, ಅದರ ಹಿಂದೆ ಈ ಶಾಸ್ತ್ರವನ್ನು ಅಕ್ಷರ ಅಕ್ಷರವಾಗಿ ಕಲಿಸಿದ ಸಾವಿರಾರು ಅಧ್ಯಾಪಕರ ಶ್ರಮವಿದೆ.

ಎಲ್ಲಕ್ಕಿಂತ ಸೊಗಸಾದ ಪರಿಹಾರ ಹೊಂದಾಣಿಕೆಯ ತುಣುಕು. 50 ಓಮಿನ ಹಾದಿಗೂ 200 ಓಮಿನ ಹೊರೆಗೂ ನಡುವೆ 100 ಓಮಿನ ತುಣುಕೊಂದನ್ನು, ಅಲೆಯುದ್ದದ ಸರಿಯಾಗಿ ಕಾಲುಭಾಗದಷ್ಟು, ಜೋಡಿಸುತ್ತಾರೆ. ಹತ್ತು ಸೆಂಟಿಮೀಟರಿನ ಅಲೆಗೆ ಎರಡೂವರೆ ಸೆಂಟಿಮೀಟರು ಸಾಕು. ಐವತ್ತರಿಂದ ನೂರಕ್ಕೆ, ನೂರರಿಂದ ಇನ್ನೂರಕ್ಕೆ, ಮೆಟ್ಟಿಲುಗಳೆರಡೂ ಸಮ. ಮೊದಲ ಮೆಟ್ಟಿಲಿನಿಂದ ಚಿಮ್ಮಿದ ಅಲೆಯನ್ನು ಎರಡನೆಯದರಿಂದ ಚಿಮ್ಮಿದ ಅಲೆ, ಅರ್ಧ ಅಲೆಯುದ್ದ ಹೆಚ್ಚು ನಡೆದು ಬಂದುದರಿಂದ, ಎದುರು ಹೆಜ್ಜೆಯಲ್ಲಿ ಕೂಡಿ ಕಳೆದುಹಾಕುತ್ತದೆ. ಹೊರೆ ಬದಲಾಗಲಿಲ್ಲ, ಹಾದಿ ಬದಲಾಗಲಿಲ್ಲ. ನಡುವೆ ತಕ್ಕ ಮೆಟ್ಟಿಲೊಂದು ದೊರೆತದ್ದರಿಂದ ಶಕ್ತಿಯೆಲ್ಲ ಮುಂದೆ ಸಾಗಿತು.

ಇಂಥ ವಿಷಯಗಳನ್ನು ರಾಜೇಶ್ವರಿಯವರು ಸುಮಾರು ಮೂರು ದಶಕ ಪಾಠ ಹೇಳಿದರು. ವಿದ್ಯುತ್ಕಾಂತ ಸಿದ್ಧಾಂತ, ಇಲೆಕ್ಟ್ರಾನ್ ಕೊಳವೆಗಳ ಮಂಡಲಗಳು, ಸೂಕ್ಷ್ಮತರಂಗ ತಂತ್ರ, ರೇಡಿಯೋ ಇಂಜಿನಿಯರಿಂಗ್ ಇವು ಅವರ ತರಗತಿಗಳು. ಕಾಲಕ್ರಮದಲ್ಲಿ ಪ್ರಾಧ್ಯಾಪಕರಾಗಿ, ವಿಭಾಗದ ಅಧ್ಯಕ್ಷರೂ ಆದರು. ಇಪ್ಪತ್ತು ಮಂದಿ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು. ನೂರಕ್ಕೂ ಮಿಕ್ಕಿದ ಸಂಶೋಧನ ಲೇಖನಗಳು, ಏಳು ಗ್ರಂಥಗಳು ಅವರ ಹೆಸರಿನಲ್ಲಿವೆ. ಸೂಕ್ಷ್ಮತರಂಗ ಇಂಜಿನಿಯರಿಂಗಿನ ಮೂಲತತ್ತ್ವಗಳನ್ನು ಕುರಿತ ಪುಸ್ತಕ 1986ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾಯಿತು. ಬ್ರಿಟನ್ನಿನ ಸಂಸ್ಥೆಯೊಂದರ ಮೌಂಟ್‌ಬ್ಯಾಟನ್ ಬಹುಮಾನ, ಭಾರತದ ಇಂಜಿನಿಯರುಗಳ ಸಂಸ್ಥೆಯ ಜಗದೀಶಚಂದ್ರ ಬೋಸ್ ಸ್ಮಾರಕ ಬಹುಮಾನ, ರಾಮಲಾಲ್ ವಾಧ್ವಾ ಪ್ರಶಸ್ತಿಗಳು ಅವರನ್ನು ಅರಸಿಕೊಂಡು ಬಂದವು. ಮಗಳು ಇಂದಿರಾ ಅವರೂ ತಾಯಿತಂದೆಯರ ವಿದ್ಯೆಯನ್ನೇ ಹಿಡಿದು ಅಮೆರಿಕೆಯ ನೆವಾಡ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು.

1982ರಲ್ಲಿ ನಿವೃತ್ತರಾದ ಮೇಲೆ ಅವರು ಸುಮ್ಮನೆ ಕೂಡಲಿಲ್ಲ. ಅಜ್ಜಿ ಹಿಡಿದಿದ್ದ ಕೆಲಸದ ಎಳೆಯನ್ನು ಮೊಮ್ಮಗಳು ಮತ್ತೆ ಕೈಗೆತ್ತಿಕೊಂಡರು. ಭಾರತೀಯ ಮಹಿಳಾ ಅಧ್ಯಯನ ಸಂಘದ ಮೂಲಕ ಸ್ತ್ರೀಯರ ಹಿತಕ್ಕಾಗಿ ದುಡಿದರು. ಎಳವೆಯ ಚರಿತ್ರೆಯ ಒಲವೂ ಮರಳಿ ಚಿಗುರಿ, ತಮ್ಮ ಬಾಳಿನ ಕಥೆಯನ್ನೂ, ತಾವು ಕಂಡ ಸ್ತ್ರೀಪುರುಷರ ನಿಜಜೀವನದ ಕಥೆಗಳನ್ನೂ ಬರೆದರು. ಪತಿ ಶಿಶಿರಕುಮಾರರು 1994ರಲ್ಲಿ ಅಗಲಿದ್ದರು. ರಾಜೇಶ್ವರಿಯವರು 2010ನೆಯ ಇಸವಿ ಸೆಪ್ಟೆಂಬರ್ 3ರಂದು, ಎಂಬತ್ತೆಂಟು ವರ್ಷಗಳ ತುಂಬುಬಾಳನ್ನು ಮುಗಿಸಿ ಕಣ್ಮುಚ್ಚಿದರು. 2017ರಲ್ಲಿ ಕೇಂದ್ರ ಸರಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ತಮ್ಮ ತಮ್ಮ ಕ್ಷೇತ್ರದಲ್ಲಿ ಮೊದಲಿಗರಾದ ಭಾರತೀಯ ಮಹಿಳೆಯರ ಸಾಲಿನಲ್ಲಿ ಅವರ ಹೆಸರನ್ನು ಸೇರಿಸಿ ಗೌರವಿಸಿತು.

ಈ ಚರಿತ್ರೆಯನ್ನು ಓದಿದ ನಮ್ಮ ಸೀಮೆಯ ತಾಯಿತಂದೆಯರಲ್ಲಿ ಒಂದು ಸಂದೇಹ ಏಳುವುದು ನ್ಯಾಯವೇ. ಪದವೀಧರೆಯಾದ ಅಜ್ಜಿ, ವಕೀಲರಾದ ತಂದೆ, ಇಂಗ್ಲಿಷಿನಲ್ಲಿ ಕಲಿಸುವ ಶಾಲೆ, ಬೆಂಗಳೂರಿನಂಥ ನಗರ ಇವೆಲ್ಲ ಇದ್ದ ಮಗು ಮುಂದೆ ಬಂದದ್ದು ಸರಿ. ನಮ್ಮ ಮಕ್ಕಳಿಗೆ ಇವಾವುದೂ ಇಲ್ಲವಲ್ಲ, ಎಂದು. ಈ ಮಾತಿನಲ್ಲಿ ಸತ್ಯವಿದೆ. 1956ರ ನವೆಂಬರ್ 1ರಂದು ಗದ್ವಾಲ ತಾಲ್ಲೂಕು ರಾಯಚೂರು ಜಿಲ್ಲೆಯಿಂದ ಬೇರೆಯಾದಂದಿನಿಂದ ನಮ್ಮ ಮನೆಯ ನುಡಿ ಒಂದು, ಊರಿನ ಕಚೇರಿಯ ನುಡಿ ಇನ್ನೊಂದು, ಕಾಲೇಜಿನ ನುಡಿ ಮತ್ತೊಂದು. ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಚೆನ್ನಾಗಿ ಓದಿದ ಮಗು ಮರುವರ್ಷ ಇಂಗ್ಲಿಷಿನ ತರಗತಿಯಲ್ಲಿ ಕುಳಿತಾಗ, ಒಳಗಿನ ಶಕ್ತಿ ಕುಂದಿರುವುದಿಲ್ಲ, ಹಾದಿ ಹೊಂದಿರುವುದಿಲ್ಲ. ಕೇಳಿದ ಪಾಠದ ಮೂರನೆಯ ಒಂದು ಪಾಲಿಗೂ ಮಿಕ್ಕಿ ಹಿಂದಕ್ಕೆ ಚಿಮ್ಮುತ್ತದೆ. ಕೆಲವೇ ತಿಂಗಳಲ್ಲಿ ಮಗು ತನ್ನನ್ನೇ ದಡ್ಡನೆಂದು ತಿಳಿಯುತ್ತದೆ. ತಂದೆ ಮಗನನ್ನು ಹೊಲಕ್ಕೆ ಕರೆಯುತ್ತಾನೆ, ತಾಯಿ ಮಗಳಿಗೆ ವರನನ್ನು ಹುಡುಕುತ್ತಾಳೆ. ಹೊಂದದ ಹೊರೆ ಬಲವಾದ ಯಂತ್ರವನ್ನು ಸುಡುವ ಬಗೆಯೂ ಇದೇ ಅಲ್ಲವೆ?

ಇದಕ್ಕೆ ಮಗುವನ್ನು ಗದರಿಸಿ ಹೆಚ್ಚು ದುಡಿಸುವುದು ಮದ್ದಲ್ಲ. ಅಷ್ಟೂ ಶಕ್ತಿ ಅದರ ಮೇಲೆಯೇ ತಿರುಗುತ್ತದೆ. ಕನ್ನಡ ಶಾಲೆಯನ್ನು ಬಿಡಿಸುವುದೂ ಮದ್ದಲ್ಲ. ಮಾತೃಭಾಷೆಯಲ್ಲಿ ನಾಟಿದ ಬುನಾದಿಯನ್ನು ಕೀಳುವುದರಿಂದ ಯಾರಿಗೂ ಲಾಭವಿಲ್ಲ. ಬೇಕಾದದ್ದು ನಡುವಿನ ಮೆಟ್ಟಿಲು. ಹತ್ತನೆಯ ತರಗತಿಯ ಪರೀಕ್ಷೆ ಮುಗಿದು ಕಾಲೇಜು ತೆರೆಯುವ ಮುನ್ನ ಸಿಗುವ ಬೇಸಗೆಯ ಎರಡು ತಿಂಗಳು, ಗಣಿತ ಮತ್ತು ವಿಜ್ಞಾನದ ಪಾರಿಭಾಷಿಕ ಶಬ್ದಗಳನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಜೊತೆಜೊತೆಯಾಗಿ ಕಲಿಸುವ ತರಗತಿಯೊಂದನ್ನು ಸಂಘದ ಆಶ್ರಯದಲ್ಲಿ ನಡೆಸಿದರೆ, ಆ ಮೆಟ್ಟಿಲು ದೊರೆತಂತಾಗುತ್ತದೆ. ಇದಕ್ಕೆ ದೊಡ್ಡ ಕಟ್ಟಡ ಬೇಡ, ಭಾರೀ ಧನ ಬೇಡ. ನಿವೃತ್ತರಾದ ಇಬ್ಬರು ಉಪಾಧ್ಯಾಯರು, ಕಾಲೇಜಿನಲ್ಲಿ ಓದುತ್ತಿರುವ ನಮ್ಮವರೇ ಆದ ನಾಲ್ವರು ತರುಣ ತರುಣಿಯರು, ಒಂದು ಕರಿಹಲಗೆ ಇದ್ದರೆ ಸಾಕು. ಕಮಲಮ್ಮನವರೂ ಅವರ ಗೆಳತಿಯರೂ ಶಾಲೆ ತೆರೆದಾಗ ಅವರ ಮುಂದೆ ಇದ್ದದ್ದೂ ತಮ್ಮ ಮನೆಯ ಹೆಣ್ಣುಮಕ್ಕಳೇ. ಅವರೊಳಗಿಂದ ಒಬ್ಬ ಇಂಜಿನಿಯರು ಹೊರಬರುವಳೆಂದು ಆಗ ಯಾರೂ ಹೇಳಬಲ್ಲವರಾಗಿರಲಿಲ್ಲ.

ಈ ವರ್ಷ ನಮ್ಮ ಸೀಮೆಯ ಕನ್ನಡ ಶಾಲೆಗಳಲ್ಲಿ ಹತ್ತನೆಯ ತರಗತಿಯಲ್ಲಿ ಓದುತ್ತಿರುವ ಹೆಣ್ಣುಮಕ್ಕಳ ಪಟ್ಟಿಯನ್ನು ಮೊದಲು ಸಿದ್ಧಪಡಿಸಿ, ಅವರ ಮನೆಗಳಿಗೆ ಸಂಘದ ಹಿರಿಯರು ಪರೀಕ್ಷೆಯ ಮುಂಚೆಯೇ ಹೋಗಿ ಮಾತನಾಡಬೇಕೆಂದು ಕಾರ್ಯಕಾರಿ ಸಮಿತಿಯವರಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡುತ್ತೇವೆ.